ನಲವತ್ತೊಂದು ನಿಮಿಷ ನಿಂತ ವಿಸಿಟರ್

ಭಾಲ್ಕಿಯ ಬಸ್ ಸ್ಟ್ಯಾಂಡಿನ ಎದುರಿಗೆ ಓಂಪ್ರಕಾಶ ಅವರ ಔಷಧಿ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಟೇಬಲ್ ಫ್ಯಾನು, ಮತ್ತು ಮಹಾಮಾಯಾ. ಬಿಲ್ಲು, ಸ್ಟಾಕು ನೋಡಿಕೊಳ್ಳುವುದು ಅವಳ ಕೆಲಸ. ಓಂಪ್ರಕಾಶ ಮತ್ತು ಬೀದರಿನ ಮೂವರು ವ್ಯಾಪಾರಸ್ಥರು ಸೇರಿ ನಡೆಸುವ ರಕ್ತದಾನಿಗಳ ವೆಬ್‌ಸೈಟೂ ಹೋದ ಫೆಬ್ರುವರಿಯಿಂದ ಅವಳ ಪಾಲಿಗೇ ಬಂದಿತ್ತು. ಸೈಟೆಂದರೆ ಒಂದೇ ಪುಟ. ಬೀದರ, ಭಾಲ್ಕಿ, ಔರಾದ ಭಾಗದ ಮುನ್ನೂರ ನಲವತ್ತು ಮಂದಿಯ ಹೆಸರು, ರಕ್ತದ ಗುಂಪು, ಫೋನ್ ನಂಬರು, ಅಷ್ಟೇ.

ಬಸವ ಜಯಂತಿ ಇನ್ನು ಹನ್ನೆರಡು ದಿನ ಎನ್ನುವಾಗ ಓಂಪ್ರಕಾಶ ಹಿಂದಿನ ಕೋಣೆಗೆ ಬಂದು ಸ್ಟೂಲ್ ಎಳೆದುಕೊಂಡು ಕುಳಿತರು.

"ತಂಗಿ, ಈ ಸಲ ಬೀದರಿನಾಗ ಸ್ಟೇಜಿನ ಮ್ಯಾಲ ನನಗ ಐದು ಮಿನಿಟ್ ಕೊಟ್ಟಾರ. ಸೈಟಿಗಿ ವರ್ಷದಾಗ ಎಷ್ಟು ಮಂದಿ ಬಂದಾರಂತ ಹೇಳಬೇಕು. ತೆಗಿ, ನೋಡಮು."

ಮಹಾಮಾಯಾ ವರದಿಯ ಪುಟ ತೆರೆದಳು.

"ಪೇಜ್ ವ್ಯೂ ಎರಡು ಸಾವಿರದ ನೂರು ಅದರಿ."

"ಅಂದ್ರ ಎರಡು ಸಾವಿರ ಮಂದಿ."

"ಅಲ್ಲರಿ ಕಾಕಾ. ಅದು ಪುಟ ಎಷ್ಟು ಸಲ ತೆರೀತು ಅನ್ನೋ ಲೆಕ್ಕ. ಮಂದಿ ಲೆಕ್ಕ ಬ್ಯಾರೆ. ವಿಸಿಟರ್ ಆರುನೂರ ಹತ್ತು."

"ನಮ್ಮ ಕೇಶರಬಾಯಿ ದಿನಾ ನಾಕು ಸಲ ಬಂದು ಒಂದೊಂದು ಗುಳಿಗಿ ಒಯ್ತಾಳಲಾ, ಹಂಗ?"

"ಹೌದ್ರಿ. ನಾಕು ಸಲ ಬಂದ್ರೂ ಕೇಶರಬಾಯಿ ಒಬ್ಬಾಕಿನ."

"ಛಲೋ ಆಯ್ತು ಬಿಡು, ಆಕಿ ನಾಕು ಆಗಿದ್ರ ನಾ ಅಂಗಡಿ ಮುಚ್ಚತಿದ್ದೆ." ಓಂಪ್ರಕಾಶ ಕನ್ನಡಕ ಏರಿಸಿ ಪರದೆಗೆ ಮುಖ ತಂದರು. "ಇದು ಬೌನ್ಸ್ ಅಂದ್ರ?"

"ಪುಟ ಒಂದ ಸಲ ತೆರೆದು ನೋಡಿ ಹೋದೋರು. ನೂರಕ್ಕ ಎಂಬತ್ತೆಂಟು."

"ನೂರರಾಗ ಎಂಬತ್ತೆಂಟು ಮಂದಿ ಓಡಿ ಹೋದ್ರು ಅನ್ನು." ಅವರ ಮುಖ ಸಪ್ಪಗಾಯಿತು. ಬೆರಳು ಕೆಳಗಿಳಿಯುತ್ತಾ ಊರುಗಳ ಪಟ್ಟಿಗೆ ಬಂದು, ಡಿಸೆಂಬರ್ ಒಂಬತ್ತರ ಸಾಲಿನ ಮೇಲೆ ನಿಂತಿತು. ಅವರ ಮುಖ ಮತ್ತೆ ಅರಳಿತು. "ಇಲ್ಲಿ ನೋಡು. ಔರಾದ, ವಿಸಿಟರ್ ಒಂದು, ಪೇಜ್ ವ್ಯೂ ಇಪ್ಪತ್ತಾರು, ಸಮಯ ನಲವತ್ತೊಂದು ಮಿನಿಟ್. ಯಾರೋ ಪುಣ್ಯಾತ್ಮ ಸಿನಿಮಾ ನೋಡಿಧಾಂಗ ಕುಂತು ನೋಡ್ಯಾನ. ಎಲ್ಲಾರೂ ಹಿಂಗ ಕೂಡಬೇಕು ತಂಗಿ. ಹಂಗ ಮಾಡು."

ಹೇಗೆ ಮಾಡಬೇಕೆಂದು ಅವರಿಗೆ ಬೀದರಿನವರೊಬ್ಬರು ಹೇಳಿಕೊಟ್ಟಿದ್ದರು. ಮೊದಲು ಹೆಸರು, ಊರು ತುಂಬುವ ಫಾರ್ಮು. ಆಮೇಲೆ ರಕ್ತದಾನದ ಮಹತ್ವದ ಪುಟ. ಆಮೇಲೆ ಶಿಬಿರದ ಫೋಟೋಗಳು. ಕೊನೆಗೆ ನಂಬರುಗಳು. ನಾಲ್ಕು ಪುಟ ದಾಟಿಸಿದರೆ ಬೌನ್ಸ್ ತಾನಾಗಿಯೇ ಇಳಿಯುತ್ತದೆ, ಸಮಯ ತಾನಾಗಿಯೇ ಏರುತ್ತದೆ.

ಮಹಾಮಾಯಾ "ಹೂಂ" ಎಂದಳು. ಓಂಪ್ರಕಾಶ ಗಿರಾಕಿಗೆಂದು ಎದ್ದು ಹೋದರು. ಅವಳು ಔರಾದಿನ ಸಾಲನ್ನು ಇನ್ನೊಮ್ಮೆ ಓದಿದಳು. ಆ ವಿಸಿಟರ್ ಅವಳೇ.

ಡಿಸೆಂಬರ್ ಒಂಬತ್ತಕ್ಕೆ ಔರಾದಿನಲ್ಲಿ ಅವಳ ತಂಗಿ ಪ್ರಣಿತಾಳ ಹೆರಿಗೆಯಾಗಿತ್ತು. ಗಂಡು ಕೂಸು. ಕೂಸು ಚೆನ್ನಾಗಿತ್ತು, ತಾಯಿಯ ರಕ್ತ ನಿಲ್ಲಲಿಲ್ಲ. ಬೀದರಿಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಬಿ ನೆಗೆಟಿವ್ ಕೊಡುವವರನ್ನು ಹುಡುಕಿಡಿ ಎಂದು ಡಾಕ್ಟರು ಹೇಳಿದ್ದರು. ಮಹಾಮಾಯಾ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಈ ಪುಟ ತೆರೆದಿದ್ದಳು. ಬಿ ನೆಗೆಟಿವ್ ಎಂದು ಹತ್ತೊಂಬತ್ತು ಹೆಸರುಗಳಿದ್ದವು. ಸ್ವಿಚ್ ಆಫ್. ಚಾಲ್ತಿಯಲ್ಲಿಲ್ಲ. ರಾಂಗ್ ನಂಬರ್. ಮನೆಯಲ್ಲಿ ಯಾರೂ ಇಲ್ಲ. ಒಂದೊಂದು ಕರೆ ಮುಗಿದು ಮರಳಿ ಬಂದಾಗಲೂ ಅವಳ ಹಳೆಯ ಫೋನು ಪುಟವನ್ನು ಮೊದಲಿನಿಂದ ತೆರೆಯುತ್ತಿತ್ತು. ಹತ್ತದ ನಂಬರಿಗೆ ಮತ್ತೊಮ್ಮೆ ಹಚ್ಚಿದ್ದೂ ಸೇರಿ ಇಪ್ಪತ್ತಾರು ಸಲ. ಪ್ರಣಿತಾ ಬೀದರ ಮುಟ್ಟುವ ಮೊದಲೇ ಗಾಡಿಯಲ್ಲೇ ಜೀವ ಬಿಟ್ಟಳು.

ಅಂದಿನಿಂದ ಮಹಾಮಾಯಾಳಿಗೆ ಅಳು ಬಂದಿಲ್ಲ. ಕೂಸಿಗೆ ಕುಣಾಲ ಎಂದು ಹೆಸರಿಟ್ಟು, ತನ್ನ ಮೂರು ವರ್ಷದ ಮಗಳ ಪಕ್ಕದಲ್ಲೇ ಮಲಗಿಸಿಕೊಂಡಳು. ಬಾಟಲಿ ಕುದಿಸುತ್ತಾಳೆ, ಲಸಿಕೆಯ ತಾರೀಖು ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ, ಅಂಗಡಿಗೆ ಬರುತ್ತಾಳೆ. ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದದ್ದು ಗಂಡ ಕೈಲಾಶ ಹೇಳಿದ ಮೇಲೆಯೇ ಗೊತ್ತಾಗುತ್ತದೆ. ಈಗಲೂ ಆ ಸಾಲು ನೋಡಿ ಅವಳಿಗೆ ಏನೂ ಆಗಲಿಲ್ಲ. ಒಂದು ಮಾತ್ರ ತಿಳಿಯಿತು: ನಾಲ್ಕು ಪುಟದ ಹಿಂದೆ ನಂಬರು ಇಟ್ಟರೆ ಆ ಬೆಂಚಿನ ಮೇಲೆ ಕುಳಿತವರಿಗೆ ಇನ್ನೂ ತಡವಾಗುತ್ತದೆ. ಇಲ್ಲಿ ಬೇಗ ಹೋದವರೇ ಕೆಲಸವಾದವರು. ನಿಂತವರು ನಂಬರು ಸಿಗದವರು.

ಮರುದಿನ ಅವಳು ಪಟ್ಟಿಯ ಮೊದಲ ನಂಬರಿನಿಂದ ಫೋನ್ ಹಚ್ಚಲು ಶುರು ಮಾಡಿದಳು. ಅಂಗಡಿಯಲ್ಲಿ ಮಧ್ಯಾಹ್ನ, ಮನೆಯಲ್ಲಿ ಕುಣಾಲನನ್ನು ಕಾಲ ಮೇಲೆ ಮಲಗಿಸಿಕೊಂಡು ಸಂಜೆ.

"ಯಾರಿಗಿ ಇಷ್ಟು ಫೋನ್ ಹಚ್ಚಲತ್ತಿದಿ?" ಅವಳ ತಾಯಿ ಮೀರಾಬಾಯಿ ರೊಟ್ಟಿ ಬಡಿಯುತ್ತಾ ಕೇಳಿದಳು. "ಎಲ್ಲಾರ ಕಡಿಂದ ಬೈಸ್ಕೊಳ್ಳದು ಒಂದು ನೌಕರಿ ಏನು?"

"ಹೂಂ ಆಯಿ. ಅದೂ ಇದರಾಗ ಬರ್ತದ."

ನೂರಾರು ಕರೆಗಳಾದ ಮೇಲೆ ಪಟ್ಟಿ ಹುಟ್ಟಿದ ಬಗೆ ಅವಳಿಗೆ ಗೊತ್ತಾಯಿತು. ಆರು ವರ್ಷದ ಹಿಂದಿನ ಬಸವ ಜಯಂತಿಯಲ್ಲಿ ಹೆಸರು ಬರೆಸಿದವರನ್ನೆಲ್ಲ ಮೈಕಿನಲ್ಲಿ ಕೂಗಿದ್ದರಂತೆ. ಹಲಬರ್ಗಾದ ಮಡೆಪ್ಪ ಎಂಬ ಹಿರಿಯರು ಅದನ್ನು ಬಿಡಿಸಿ ಹೇಳಿದರು.

"ನಮ್ಮ ಮನ್ಯಾಗ ಆರು ಮಂದಿ ಹೆಸರು ಬರಿಸೇನಿ. ನಂಬರ್ ನನ್ನದೊಂದ."

"ಮುತ್ಯಾ, ನಿಮ್ಮ ವಯಸ್ಸು ಎಷ್ಟರಿ?"

"ಎಪ್ಪತ್ನಾಕು."

"ಈ ವಯಸ್ಸಿನಾಗ ರಕ್ತ ತಗೊಳ್ಳಂಗಿಲ್ಲರಿ."

"ಕೊಡ್ಲಕ್ಕ ಯಾರು ಬರಿಸ್ಯಾರವಾ? ಎಲ್ಲಾರ ಹೆಸರು ಮೈಕಿನಾಗ ಬರ್ಲತ್ತಿತ್ತು, ನಾನೂ ಬರಿಸಿದೆ. ದಾಸೋಹಕ್ಕ ಜೋಳ ಬರಿಸಿಧಾಂಗ. ನಮ್ಮ ಸೊಸಿ ಈಶ್ವರಿ ಇದ್ದಾಳ ನೋಡು, ಆಕಿದು ಬಿ ನೆಗೆಟಿವ್. ಆಕಿ ಕೊಡ್ತಾಳ. ಎರಡು ಸಲ ಕೊಟ್ಟಾಳ."

ಆ ದನಿ ಮಹಾಮಾಯಾಳಿಗೆ ಗುರುತು ಹತ್ತಿತು. ಬೆಂಚಿನ ಮೇಲಿಂದ ಮಾಡಿದ ಹನ್ನೊಂದನೆಯ ಕರೆ. 'ಮನ್ಯಾಗ ಯಾರೂ ಇಲ್ಲವಾ, ತೊಗರಿ ಕೊಯ್ಲಕ್ಕ ಹೋಗ್ಯಾರ' ಎಂದು ಹೇಳಿ ಇಟ್ಟುಬಿಟ್ಟಿದ್ದ ದನಿ.

ಮಡೆಪ್ಪನವರಿಗೂ ಏನೋ ನೆನಪಾಗಿರಬೇಕು. "ಹಿಂದೊಮ್ಮಿ ಫೋನ್ ಮಾಡಿದಾಕಿ ನೀನ ಏನು? ತೊಗರಿ ರಾಶಿ ಟೈಮಿನಾಗ? ಸಿಕ್ಕಿತೇನವಾ ರಕ್ತ?"

"ಇಲ್ಲರಿ ಮುತ್ಯಾ." ಅವಳು ಪೆನ್ನು ತೆಗೆದುಕೊಂಡಳು. "ಸೊಸಿದು ಬ್ಯಾರೆ ನಂಬರ್ ಅದೇನ್ರಿ? ಹೇಳ್ರಿ, ಬರ್ಕೊತೇನಿ."

ಅವರು ಒಂದೊಂದೇ ಅಂಕಿ ಹೇಳಿದರು, ಎರಡು ಸಲ ಹೇಳಿದರು. ಅವಳು ಬರೆದುಕೊಂಡು ತಿರುಗಿ ಓದಿ ಹೇಳಿದಳು. ಬರಾಬರ್ ಇತ್ತು.

ಹತ್ತನೆಯ ದಿನಕ್ಕೆ ಮುನ್ನೂರ ನಲವತ್ತು ಹೆಸರು ನೂರ ಹದಿನೆಂಟಾದವು. ಓಂಪ್ರಕಾಶ ಹೊಸ ಪುಟ ನೋಡಿ ತಲೆಯ ಮೇಲೆ ಕೈ ಇಟ್ಟರು.

"ಇದೇನ್ ಮಾಡಿದಿ ತಂಗಿ? ಫಾರ್ಮಿಲ್ಲ, ಫೋಟೋ ಇಲ್ಲ. ಸ್ಟೇಜಿನ ಮ್ಯಾಲ ನಿಂತು ಇದ್ದ ಮಂದಿನೂ ಹ್ವಾದ್ರು ಅಂತ ಹೇಳ್ಲೇನು? ಆ ನಲವತ್ತೊಂದು ಮಿನಿಟಿನವ ಬಂದ್ರ ಈಗ ಏನು ನೋಡ್ತಾನ?"

"ಅವ ಅಲ್ಲರಿ ಕಾಕಾ. ನಾನಿದ್ದೆ."

ಅವರಿಗೆ ತಿಳಿಯಲಿಲ್ಲ. ಅವಳು ಸ್ಟಾಕಿನ ಲೆಕ್ಕ ಒಪ್ಪಿಸುವ ದನಿಯಲ್ಲೇ ಹೇಳಿದಳು. "ಡಿಸೆಂಬರ್ ಒಂಬತ್ತು, ಔರಾದ. ಪ್ರಣಿತಾಗ ರಕ್ತ ಬೇಕಾಗಿತ್ತಲ್ಲರಿ. ಹತ್ತೊಂಬತ್ತು ಹೆಸರಿಗಿ ಹಚ್ಚಿದೆ. ಒಬ್ಬರೂ ಸಿಗಲಿಲ್ಲ. ಅದಕ್ಕ ಅಷ್ಟು ಹೊತ್ತು ಕುಂತೆ. ನಂಬರ್ ಸಿಕ್ಕಿದ್ರ ಒಂದು ಮಿನಿಟಿನಾಗ ಎದ್ದು ಹೋಗ್ತಿದ್ದೆ."

ಪ್ರಣಿತಾಳ ಮಣ್ಣಿಗೆ ಓಂಪ್ರಕಾಶ ಬಂದಿದ್ದರು. ಅವರು ಕನ್ನಡಕ ತೆಗೆದರು, ಅಂಗಿಯ ಚುಂಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಹೊರಗೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು.

"ಫಾರ್ಮು ಬ್ಯಾಡ ಬಿಡು," ಎಂದು ಎದ್ದರು.

ಜಯಂತಿಯ ದಿನ ಬೀದರಿನಲ್ಲಿ ಅವರು ಐದು ನಿಮಿಷದಲ್ಲಿ ಎರಡನ್ನೇ ಬಳಸಿದರು. ನೂರ ಹದಿನೆಂಟು ಮಂದಿ ಇದ್ದಾರೆ, ಫೋನ್ ಎತ್ತುತ್ತಾರೆ ಎಂದರು. ಚಪ್ಪಾಳೆ ಅಷ್ಟಕ್ಕಷ್ಟೇ. "ಉಳಿದೋರಿಗಿ ಏನ್ ಮಾಡಿದ್ರಿ ಸಾವಕಾರ್ರೆ, ಮಾರಿದ್ರೇನು?" ಎಂದು ಹಿಂದಿನಿಂದ ಯಾರೋ ಕೂಗಿದರು, ನಾಲ್ಕು ಮಂದಿ ನಕ್ಕರು. ಮಹಾಮಾಯಾ ಹೆಂಗಸರ ಸಾಲಿನಲ್ಲಿ ಕುಣಾಲನ ತಲೆಯ ಮೇಲೆ ಸೆರಗು ಹಿಡಿದು ಕುಳಿತಿದ್ದಳು. ಮೈಕಿನಲ್ಲಿ ಆ ಸಲ ಹೆಸರು ಕೂಗಲಿಲ್ಲ.

ಜೂನ್ ತಿಂಗಳ ವರದಿಯಲ್ಲಿ ವಿಸಿಟರುಗಳು ಹಿಂದಿನ ತಿಂಗಳುಗಳಷ್ಟೇ ಇದ್ದರು. ಪೇಜ್ ವ್ಯೂ ಅರ್ಧಕ್ಕಿಳಿದಿತ್ತು, ಬೌನ್ಸ್ ತೊಂಬತ್ತೈದಕ್ಕೆ ಏರಿತ್ತು. ಕೆಳಗೆ ಊರುಗಳ ಪಟ್ಟಿಯಲ್ಲಿ ಒಂದು ದಿನದ ಸಾಲು: ಔರಾದ, ವಿಸಿಟರ್ ಒಂದು, ಪೇಜ್ ವ್ಯೂ ಒಂದು, ಸಮಯ ಮೂವತ್ತೆಂಟು ಸೆಕೆಂಡ್. ಆ ದಿನ ಔರಾದಿನಿಂದ ಪುಟವನ್ನು ಎರಡನೆಯ ಸಲ ಯಾರೂ ತೆರೆದಿರಲಿಲ್ಲ.

ಯಾರೆಂದು ಸಾಲು ಹೇಳುವುದಿಲ್ಲ. ರಕ್ತ ಸಿಕ್ಕಿತೋ ಇಲ್ಲವೋ, ಅದನ್ನೂ ಹೇಳುವುದಿಲ್ಲ. ಮೂವತ್ತೆಂಟು ಸೆಕೆಂಡಿನಲ್ಲಿ ಯಾರೋ ಒಂದು ನಂಬರು ಹಚ್ಚಿ ಬೆಂಚಿನಿಂದ ಎದ್ದರು ಎಂದು ಮಹಾಮಾಯಾ ಅಂದುಕೊಂಡಳು. ವರದಿಯನ್ನು ಓಂಪ್ರಕಾಶ ಅವರಿಗೆ ಕಳಿಸಿ ಕಂಪ್ಯೂಟರ್ ಬಂದ್ ಮಾಡಿದಳು. ಕುಣಾಲನ ಹಾಲಿನ ಹೊತ್ತಾಗಿತ್ತು.