ಸೇವ್ ಮಾಡದ ರಿಪೋರ್ಟು

ಲ್ಯಾಬಿನಕ್ಕನ ಬಲ ಹೆಬ್ಬೆರಳಿನ ಉಗುರು ಸದಾ ನೇರಳೆ. ರಕ್ತ ಪರೀಕ್ಷೆಗೆ ಬಳಸುವ ಬಣ್ಣ ಅದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹೊನ್ನೂರಿನವರು. ಊಟದ ಡಬ್ಬಿಯಲ್ಲಿ ನನಗೂ ಒಂದು ಪಾಲು ತರುತ್ತಿದ್ದರು.

ಕೊಳ್ಳೇಗಾಲದ ಆ ಸಣ್ಣ ಲ್ಯಾಬಿನಲ್ಲಿ ಅವರು ಪರೀಕ್ಷೆ ಮಾಡುತ್ತಾ ಅಂಕಿ ಹೇಳುವರು, ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡುವೆ. ಸಂಜೆ ಎಲ್ಲವನ್ನೂ ಫೋನ್ ಲೈನಿನಲ್ಲಿ ಮೈಸೂರಿನ ಡಾಕ್ಟರಿಗೆ ಕಳಿಸಬೇಕು. "ಮೊದ್ಲು ಸೇವ್ ಮಾಡು, ಆಮೇಲೆ ಕಳ್ಸು, ಕಳ್ಸಾದ್ಮೇಲೇ ಮುಚ್ಚು ಕಣಮ್ಮಿ," ಎಂದು ದಿನವೂ ಹೇಳುತ್ತಿದ್ದರು.

ಒಂದು ದಿನ ರಾಮಾಪುರದ ಹನ್ನೆರಡು ಬಸುರಿಯರ ರಕ್ತ ಬಂದಿತ್ತು. ಸಂಜೆ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತು. ನನ್ನ ಯಳಂದೂರಿನ ಬಸ್ಸಿಗೆ ಹತ್ತೇ ನಿಮಿಷ. ಪ್ರೋಗ್ರಾಂ ಮುಚ್ಚಲು ಹೋದೆ. ಸೇವ್ ಮಾಡಬೇಕೆ ಎಂದು ಅದು ಕೇಳಿತು. ಆತುರದಲ್ಲಿ 'ನೋ' ಒತ್ತಿಬಿಟ್ಟೆ.

ಮರುದಿನ ತೆರೆದರೆ ಹನ್ನೆರಡೂ ಹೆಸರಿನ ಮುಂದೆ ಖಾಲಿ. ರಕ್ತವನ್ನು ಆಗಲೇ ಚೆಲ್ಲಿಯಾಗಿತ್ತು.

ಅಕ್ಕ ಬೈಯಲಿಲ್ಲ. "ಒಬ್ಬಳ್ದು ಹಿಮೋಗ್ಲೋಬಿನ್ ಬಾಳ ಕಮ್ಮಿ ಇತ್ತು. ನಾಕೂವರೆ ಅಂದ್ನಲ್ಲ, ಯಾರ್ದು ಅದು?"

ನನಗೆ ನೆನಪಾಗಲಿಲ್ಲ. ಅವರಿಗೂ ಆಗಲಿಲ್ಲ.

"ನಡಿ, ಓಗವ."

ಹನೂರಿನ ಮೇಲೆ ರಾಮಾಪುರಕ್ಕೆ ಹೋಗಿ ಮನೆಮನೆ ಸುತ್ತಿ ಮತ್ತೆ ರಕ್ತ ತೆಗೆದೆವು. ಹನ್ನೊಂದು ಮಂದಿ ಸಿಕ್ಕರು. ಪರೀಕ್ಷಿಸಿದಾಗ ಯಾರದೂ ಅಷ್ಟು ಕಡಿಮೆ ಇರಲಿಲ್ಲ. ಹನ್ನೆರಡನೆಯವಳ ಮನೆಗೆ ಬೀಗ.

"ಬೆಳಿಗ್ಗೆ ಬಸ್ಗೆ ತಮಿಳ್ನಾಡ್ ಕಡೀಕೆ ಕೂಲಿಗೋದ್ರು ಕಣವ್ವ," ಎಂದಿದ್ದಳು ಪಕ್ಕದ ಮನೆಯ ಮುದುಕಿ. "ರಕ್ತದ ಚೀಟಿ ಬಂತಾ ಅಂತ ಬಸ್ ಅತ್ತೋ ಗಂಟ ಕೇಳ್ತಿದ್ಲು."

ಹಿಂದಿನ ಸಂಜೆಯೇ ಕಳಿಸಿದ್ದರೆ ಡಾಕ್ಟರು ರಾಮಾಪುರದ ನರ್ಸಿಗೆ ಆಗಲೇ ಫೋನ್ ಮಾಡುತ್ತಿದ್ದರು, ನರ್ಸು ಅವಳನ್ನು ಬಸ್ ಹತ್ತಲು ಬಿಡುತ್ತಿರಲಿಲ್ಲ.

ಲ್ಯಾಬಿನ ಮಾಲೀಕರು ಯಾರ ತಪ್ಪೆಂದು ಕೇಳಿದಾಗ ಅಕ್ಕ, "ನಂದೇ ಸಾ," ಎಂದರು. ನನ್ನ ಕೆಲಸ ಉಳಿಯಿತು. ಆಮೇಲೆ ಎಷ್ಟೋ ಭಾನುವಾರ ಅವರು ಒಬ್ಬರೇ ರಾಮಾಪುರಕ್ಕೆ ಹೋಗಿ ಬಸ್ ಸ್ಟಾಪಿನಲ್ಲಿ ವಿಚಾರಿಸುತ್ತಿದ್ದರು. ಆ ಬೀಗ ತೆಗೆಯಲಿಲ್ಲ.

ಎರಡು ವರ್ಷದ ಮೇಲೆ ಅಕ್ಕ ಕಾಮಾಲೆಯಾಗಿ ಹಾಸಿಗೆ ಹಿಡಿದರು. ನೋಡಲು ಹೋದಾಗ ಕೇಳಿದ್ದು ಒಂದೇ: "ಆ ರಾಮಾಪುರದೋಳು ಬಂದ್ಲಾ?"

"ಬಂದಿದ್ಲು ಅಕ್ಕ, ಮಗು ಎತ್ಕೊಂಡು," ಎಂದು ಸುಳ್ಳು ಹೇಳಿದೆ.

ನನ್ನ ಮುಖವನ್ನೇ ನೋಡಿದರು. "ಏನು ಮಗ?"

"ಹೆಣ್ಣು."

ಕಣ್ಣು ಮುಚ್ಚಿಕೊಂಡರು. ಆ ವಾರವೇ ತೀರಿಹೋದರು. ನಂಬಿದರೋ, ನನಗಾಗಿ ಸುಮ್ಮನಾದರೋ, ಗೊತ್ತಾಗಲಿಲ್ಲ. ನಾನು ಬಾಯಲ್ಲಿ ಹುಟ್ಟಿಸಿದ ಆ ಮಗುವಿಗೆ ಈಗ ಎಷ್ಟು ವರ್ಷವೆಂದು ಇಂದಿಗೂ ಎಣಿಸುತ್ತಿರುತ್ತೇನೆ.