ಶರಣಪ್ಪ ಕಾಕಾನ ರುಮಾಲು

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಗು ತನ್ನ ಬೂಟಿನ ವೆಲ್ಕ್ರೊ ಪಟ್ಟಿಯನ್ನು ಪರ್ರನೆ ಎಳೆಯಿತು. ನನ್ನ ಕಿವಿ ಬಿಸಿಯಾಯಿತು. ಆ ಸದ್ದು ಕೇಳಿದರೆ ನನಗೆ ಈಗಲೂ ನಾಚಿಕೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ನಾನಾಗ ಆಕ್ಯುಪೇಷನಲ್ ಥೆರಪಿಯ ವಿದ್ಯಾರ್ಥಿನಿ. ಕಾಯಿಲೆಯಿಂದ ಸೋತ ದೇಹಕ್ಕೆ ಉಣ್ಣುವುದು, ಉಡುವುದು, ದಿನದ ಕೆಲಸ ಮಾಡುವುದನ್ನು ಮತ್ತೆ ರೂಢಿಸುವ ವಿದ್ಯೆ ಅದು. ಕಾಲೇಜಿನವರು ನಾಲ್ವರು ಹುಡುಗಿಯರನ್ನು ತರಬೇತಿಗೆಂದು ವಾಡಿ ಎಂಬ ಊರಿಗೆ ಕಳಿಸಿ ನನ್ನನ್ನು ಲೀಡರ್ ಮಾಡಿದ್ದರು. ಲೀಡರ್ ಎಂದರೆ ಎಲ್ಲರಿಗಿಂತ ಮೊದಲು ಮಾತಾಡುವವಳು ಎಂದುಕೊಂಡಿದ್ದೆ. ಕೊರಳಿನ ಗುರುತಿನ ಚೀಟಿಯನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಅದೇ ಕಥೆ.

ನಾವು ಮನೆಗೇ ಹೋಗಿ ನೋಡುತ್ತಿದ್ದವರಲ್ಲಿ ಶರಣಪ್ಪ ಕಾಕಾ ಒಬ್ಬರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಲಕ್ವಾ ಹೊಡೆದು ಬಲಗೈ ಸೋತಿತ್ತು. ಬೆರಳುಗಳು ಅಷ್ಟಿಷ್ಟು ಆಡುತ್ತಿದ್ದವು. ಈಗ ಬಳಸದಿದ್ದರೆ ಕೈ ಹಾಗೆಯೇ ಉಳಿದುಬಿಡುವ ಭಯ. ಕಾಕಾ ಮಾತ್ರ, ನಾನು ಜೋಡಿಸಲು ಕೊಟ್ಟ ಪ್ಲಾಸ್ಟಿಕ್ ಲೋಟಗಳನ್ನು ಬಿಟ್ಟು ಗೋಡೆ ನೋಡುತ್ತಿದ್ದರು.

ಸೊಸೆ ಹೇಳಿದಳು: "ಮಾವ ಹೊಸ್ತಿಲ ದಾಟಿಲ್ರಿ ಮೇಡಂ. ತಲಿಗಿ ರುಮಾಲ ಇಲ್ದ ಹೊರಗ ಹೋಗಂಗಿಲ್ಲ ಅಂತಾರ. ಮೊದ್ಲ ಅಮಾಸಿಗೊಮ್ಮೆ ರೈಲಿನಾಗ ನಾಲವಾರದ ಮಠಕ್ಕ ಹೋಗ್ತಿದ್ರು."

ಇಷ್ಟೇ ತಾನೇ ಎಂದುಕೊಂಡೆ. ಶಹಾಬಾದಿನ ದರ್ಜಿಯೊಬ್ಬರಿಂದ ರುಮಾಲಿನ ಬಟ್ಟೆಗೆ ಮಡಿಕೆ ಹೊಲಿಸಿ, ಹಿಂದೆ ವೆಲ್ಕ್ರೊ ಹಚ್ಚಿಸಿದೆ. ಟೋಪಿಯಂತೆ ಇಟ್ಟರಾಯಿತು. ಎಲ್ಲರೆದುರು ಕಾಕಾನ ತಲೆಗಿಟ್ಟು ಪಟ್ಟಿ ಒತ್ತಿದೆ. ಅವರು ಎಡಗೈಯಿಂದ ಅದನ್ನು ಪರ್ರನೆ ಕಿತ್ತು ನನ್ನ ಮಡಿಲಿಗಿಟ್ಟರು.

"ಯವ್ವಾ, ಇನ್ನೊಬ್ರು ರುಮಾಲ ಸುತ್ತೋದು ಎರಡೇ ಸಲ. ಲಗ್ನದಾಗೊಮ್ಮೆ, ಹೆಣ ಆದಾಗೊಮ್ಮೆ. ನನ್ನ ಲಗ್ನ ಆಗಿ ಭಾಳ ದಿನ ಆಯ್ತು."

ಮರುದಿನ ಹೋಗಲು ಕಾಲೇ ಬರಲಿಲ್ಲ. ಗೆಳತಿಯರಿಗೆ, "ನನಗೇನೂ ತಿಳೀಲಿಕತ್ತಿಲ್ಲ, ನೀವು ಹೇಳ್ರಿ" ಎಂದೆ. ಲೀಡರ್ ಆದ ಮೇಲೆ ಅವರನ್ನು ಕೇಳಿದ್ದು ಅದೇ ಮೊದಲು. ಮಾತೇ ಆಡದ ಸೇಡಂನ ಫರ್ಜಾನಾ, "ನಮಗ್ಯಾರಿಗೂ ರುಮಾಲ ಸುತ್ತಲಿಕ್ಕ ಬರಂಗಿಲ್ಲ. ಅವರಿಗೇ ಕೇಳೋಣ" ಎಂದಳು.

ಹೋಗಿ ತಪ್ಪಾಯಿತೆಂದೆ. ನನಗೂ ಕಲಿಸಿ ಎಂದೆ. ಕಾಕಾ ಗೋಡೆಯ ಕಡೆ ತಿರುಗಿದರು. ಅವರ ಹಳೆಯ ರುಮಾಲನ್ನು ನನ್ನ ತಲೆಗೇ ಸುತ್ತತೊಡಗಿದೆ. ಜಡೆ ಅಡ್ಡ ಬಂತು, ಬಟ್ಟೆ ಕಣ್ಣಿಗಿಳಿಯಿತು. ಎರಡನೇ ಸಲ ಇನ್ನೂ ಕೆಟ್ಟಿತು.

"ಏನ್ ಮಾಡ್ಲಿಕತ್ತೀ ಯವ್ವಾ, ಜ್ವಾಳದ ಕಣಕಿ ಸೂಡ ಕಟ್ಲಿಕತ್ತೀ ಏನು? ತಾ ಇಲ್ಲಿ."

ಎಡಗೈಯಲ್ಲಿ ಬಟ್ಟೆ ಹಿಡಿದು, ಅದರ ತುದಿಯನ್ನು ಬಲಗೈ ಬೆರಳಿಗೆ ಸಿಕ್ಕಿಸಿದರು. ಆ ಕೈ ತಲೆಯವರೆಗೆ ಏರಲಿಲ್ಲ. ತಲೆಯನ್ನೇ ಬಗ್ಗಿಸಿ ಕೈಗೆ ತಂದರು. ಎರಡು ಸುತ್ತಾಗುವಷ್ಟರಲ್ಲಿ ಬೆರಳು ಜಾರಿ ಎಲ್ಲ ಬಿಚ್ಚಿತು. ಕಾಕಾ ಬಟ್ಟೆಯನ್ನು ತೊಡೆಯ ಮೇಲೆ ಗುಡ್ಡೆ ಹಾಕಿಕೊಂಡು, "ನಾಳಿ ಬರ್ರಿ" ಎಂದರು. ಆ ಎರಡು ಮಾತಿಗೆ ನನ್ನ ಎದೆಯ ಭಾರವೆಲ್ಲ ಇಳಿದು ಅಳುವೇ ಬಂತು.

ನಾವು ವಾಡಿ ಬಿಡುವ ಮುಂಚಿನ ಅಮಾವಾಸ್ಯೆ, ಸ್ಟೇಷನ್ನಿನಲ್ಲಿ ಸೊಸೆಯೊಂದಿಗೆ ಕಾಕಾ ನಿಂತಿದ್ದರು. ರುಮಾಲು ಎಡಗಿವಿಯ ಮೇಲೆ ವಾಲಿತ್ತು. ಸರಿಮಾಡಲು ನನ್ನ ಕೈ ಎದ್ದಿತು. ಬೆನ್ನ ಹಿಂದೆ ಇಟ್ಟುಕೊಂಡೆ.

"ಹೆಂಗದ?"

"ಭಾಳ ಛಂದ ಅದರಿ, ಕಾಕಾ."

ಈಗ ನನ್ನ ಬಳಿಯೂ ವಿದ್ಯಾರ್ಥಿಗಳು ಬರುತ್ತಾರೆ. ರೋಗಿ ಯಾರಾದರೂ "ಒಲ್ಲೆ" ಎಂದರೆ ಅವರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ. ನನಗೆ ಗಾಬರಿಯಿಲ್ಲ. ಕುರ್ಚಿ ಎಳೆದುಕೊಂಡು ಆ "ಒಲ್ಲೆ"ಯ ಪಕ್ಕದಲ್ಲಿ ಕೂರುತ್ತೇನೆ.