ಚೊಂಬು ನೀರಿನ ದೀಕ್ಷಾಸ್ನಾನ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಂಡಿ ಮೊಹಲ್ಲಾದ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ನಾನು ಸೌಂಡ್ ಆಪರೇಟರ್. ಮೈಕ್ ಸರಿಮಾಡುವುದಕ್ಕಿಂತ ಮೈಕ್ ಮುಂದೆ ನಿಂತವರನ್ನು ಅಣಕಿಸುವುದೇ ನನಗೆ ಚೆನ್ನಾಗಿ ಬರುತ್ತಿತ್ತು. ನನ್ನ ಸ್ವಂತ ದನಿ ಹೇಗಿದೆಯೆಂದು ನಮ್ಮಮ್ಮನಿಗೂ ಮರೆತುಹೋಗಿತ್ತು.

ಬ್ಯಾಪ್ಟಿಸ್ಟರಲ್ಲಿ ಕೂಸುಗಳಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ಬಂದು ನಂಬಿದವರನ್ನು ತೊಟ್ಟಿಯ ನೀರಿನಲ್ಲಿ ಪೂರ್ತಿ ಮುಳುಗಿಸಬೇಕು; ಆಮೇಲೇ ಅವರ ಹೆಸರು ಸಭೆಯ ಪಟ್ಟಿಗೆ ಸೇರುವುದು. ಪಾಸ್ಟರನ್ನು ಇಟ್ಟುಕೊಳ್ಳುವುದನ್ನೂ ಕಳಿಸುವುದನ್ನೂ ಸದಸ್ಯರು ಕೈ ಎತ್ತಿ ತೀರ್ಮಾನಿಸುತ್ತಾರೆ. ಹೆಂಗಸರು ಬೋಧಿಸುವ ರೂಢಿಯಿಲ್ಲದ ನಮ್ಮಲ್ಲಿ ಆ ವರ್ಷ ಪಾಸ್ಟರ್ ಯೋಹಾನ್ ಒಬ್ಬ ಟೀಚರಮ್ಮನಿಂದ ಪ್ರಸಂಗ ಮಾಡಿಸಿದ್ದರು. ಎಲ್ಲ ಕಡೆ ಬೀಸುತ್ತಿರುವ ಲಿಬರಲ್ ಗಾಳಿ ನಮ್ಮೊಳಗೂ ಬಂತೆಂದು ಹಿರಿಯರು ಪಿಸುಗುಟ್ಟತೊಡಗಿದರು. ನನಗೆ ಮಜಾ ಅನ್ನಿಸಿತು. ಪಾಸ್ಟರ್ ದನಿಯಲ್ಲಿ, "ತೊಟ್ಟಿ ಯಾಕ್ರಪ್ಪಾ, ಒಂದು ಚೊಂಬು ನೀರು ಸಾಕು" ಎಂದು ರೆಕಾರ್ಡ್ ಮಾಡಿ ಯುವಕರ ವಾಟ್ಸಾಪ್ ಗುಂಪಿಗೆ ಬಿಟ್ಟೆ.

ಮೂರೇ ದಿನಕ್ಕೆ ಅದು ಹಿರಿಯ ದೇವದಾಸರ ಫೋನಿಗೆ ತಲುಪಿತು. ಭಾನುವಾರ ಆರಾಧನೆ ಮುಗಿದದ್ದೇ ಅವರು ಬಾಗಿಲು ಮುಚ್ಚಿಸಿ ಸದಸ್ಯರನ್ನು ಕೂರಿಸಿದರು. ಪಾಸ್ಟರ್ ಪಕ್ಕದ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. ಕೈಗಳು ಮೇಲೆದ್ದರೆ ಅವರು ಹೆಂಡತಿ ಮಕ್ಕಳೊಂದಿಗೆ ಚರ್ಚಿನ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಆ ಕ್ಲಿಪ್ಪನ್ನು ನನ್ನ ಕೈಯಿಂದಲೇ ಹಾಕಿಸಿದರು. ಸ್ಪೀಕರಿನಲ್ಲಿ ಕೇಳಿದಾಗ ನನಗೂ ಅದು ಪಾಸ್ಟರ್ ದನಿಯೇ ಅನ್ನಿಸಿತು. ನಾನು ಎದ್ದು ನಿಂತೆ.

"ಅಣ್ಣಾ, ಅದು ನಾನು ಮಾಡಿದ್ದು. ಮಿಮಿಕ್ರಿ," ಎಂದೆ.

ದೇವದಾಸ್ ನಗಲಿಲ್ಲ. "ನಿಂದು ಆಮೇಲೆ ನೋಡ್ಕೋತೀನಿ, ಕೂತ್ಕೋ." ಪಾಸ್ಟರ್ ಕಡೆ ತಿರುಗಿದರು. "ಇವತ್ತು ತೊಟ್ಟಿ ಬುಟ್ರೆ ನಾಳೆ ದೇವರ ವಾಕ್ಯಾನೂ ಬುಡ್ತೀವಿ ಪಾಸ್ಟರೇ. ನೇರವಾಗಿ ಕೇಳ್ತೀನಿ. ಮುಳುಗಿಸ್ದೆ ಯಾರ್ಗಾದ್ರೂ ದೀಕ್ಷಾಸ್ನಾನ ಕೊಟ್ಟಿದ್ದೀರಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಾಸ್ಟರ್ ಎದ್ದು ನಿಂತರು. "ಒಂದು ಸಲ ಕೊಟ್ಟಿದೀನಿ. ಯಾರಿಗೆ ಅಂತ ಹೇಳಲ್ಲ. ಅವರಿಗೆ ಮಾತು ಕೊಟ್ಟಿದೀನಿ."

ನಾನು ಕಟ್ಟಿದ ಸುಳ್ಳು ನಿಜವಾಗಿ ಕೂತಿತ್ತು. ಒಬ್ಬರ ದನಿ ನಮ್ಮ ಬಾಯಿಗೆ ಬಂದ ಮಾತ್ರಕ್ಕೆ ಅವರ ಎದೆಯೊಳಗೇನಿದೆಯೆಂದು ತಿಳಿಯುವುದಿಲ್ಲ. ಆ ಅಣಕದ ಕೆಲಸ ನನಗೆ ಕಲಿಸಿದ್ದು ಅಷ್ಟೇ.

"ಕೈ ಎತ್ತಿ," ಎಂದರು ದೇವದಾಸ್. ತಾವೇ ಮೊದಲು ಎತ್ತಿದರು. ಮುಂದಿನ ಸಾಲಿನಿಂದ ಒಂದೊಂದೇ ಕೈ ಏಳತೊಡಗಿತು. ಆಗ ದೇವದಾಸರ ತಾಯಿ ಮಾರ್ತಮ್ಮ ಬೆಂಚು ಹಿಡಿದು ಎದ್ದರು. ಅವರ ಮಾತು ಮುಗಿದಾಗ ಮೇಲೆ ಒಂದು ಕೈಯೂ ಉಳಿದಿರಲಿಲ್ಲ.

"ಸಾಯೋ ಮುಂಚೆ ಅಪ್ಪಂಗೆ ದೀಕ್ಷಾಸ್ನಾನ ಆಯ್ತು ಅಂತ ಎಲ್ರಿಗೂ ಹೇಳ್ಕೊಂಡು ತಿರುಗಿದ್ಯಲ್ಲೋ, ಮೂಗಿಗೆ ಆಕ್ಸಿಜನ್ ಪೈಪ್ ಹಾಕಿದ್ದೋರ್ನ ಯಾವ ತೊಟ್ಟೀಲಿ ಮುಳುಗ್ಸಿದ್ರು ಅಂದ್ಕಂಡಿದ್ದೆ? ಮೊದ್ಲು ನಿಮ್ಮಪ್ಪನ ಹೆಸರು ಸಭೆ ಪಟ್ಟಿಯಿಂದ ಹೊಡೆದಾಕಕ್ಕೆ ಕೈ ಎತ್ತು, ಆಮೇಲೆ ಪಾಸ್ಟರ್ನ ಕಳ್ಸುವಂತೆ."